ಹನುಮಕ್ಕ ಹತ್ಲಿ

ಎರಡು ಸಾವಿರದ ನಾಲ್ಕನೇ ಇಸವಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ಬೆಳಗಿನ ಆರೂವರೆ. ತುಮಕೂರಿನ ಖಾಸಗಿ ಬಸ್ ನಿಲ್ದಾಣದಲ್ಲಿ ಮಂಜು ಇನ್ನೂ ಟೀ ಅಂಗಡಿಯ ಹೊಗೆಯ ಜೊತೆ ಬೆರೆತುಕೊಂಡೇ ಇತ್ತು. ನಿಟ್ಟೂರಿಗೆ ಹೊರಡುವ ಮೊದಲ ಬಸ್ಸಿನ ಪಕ್ಕೆಗೆ, ಕೂಗಿ ಜನ ಹತ್ತಿಸುವ ಬೆಟ್ಟಯ್ಯ ಅಂಗೈಯಿಂದ ಬಡಿದು, ಎದೆ ತುಂಬ ಉಸಿರೆಳೆದುಕೊಂಡು ಶುರುಮಾಡಿದ.

"ಗುಬ್ಬಿ ಗುಬ್ಬಿ ಗುಬ್ಬಿ ಗುಬ್ಬಿ! ತಬ್ಕೊಂಡ್ ನಿಂತೋರ್ ಕಂಬ ಬುಡಿ! ನಿಟ್ಟೂರ್ ನಿಟ್ಟೂರ್, ಬುಟ್ಟಿ ಮ್ಯಾಲೆ! ಬುಟ್ರೆ ನೀವು ಕಟ್ಟೆ ಮ್ಯಾಲೆ! ಹನುಮಕ್ಕ ಹತ್ಲಿ, ಆಮೇಲ್ ಹೊರ್ಡ್ಲಿ!"

ಕೊನೆಯ ಮಾತು ಬಿದ್ದದ್ದೇ ತಡ ಡ್ರೈವರ್ ಗೇರು ಹಾಕಿದ. ಆ ಸ್ಟ್ಯಾಂಡಿನಲ್ಲಿ ಅದು ಹಿಂದಿನಿಂದ ಬಂದ ರೂಢಿ. ಕಂಡಕ್ಟರ್ ಎಷ್ಟೇ ಸೀಟಿ ಊದಲಿ, ಹನುಮಕ್ಕನ ಹೆಸರು ಕೂಗದೆ ಮೊದಲ ಬಸ್ಸಿನ ಚಕ್ರ ಉರುಳುತ್ತಿರಲಿಲ್ಲ. ಯಾಕೆ ಅಂತ ಈಗಿನ ಡ್ರೈವರುಗಳಿಗೆ ಗೊತ್ತಿರಲಿಲ್ಲ, ಕೇಳುವ ಪುರುಸೊತ್ತೂ ಇರಲಿಲ್ಲ.

ಅವತ್ತು ಕೇಳಿದವನು ಅಂಜನ್. ಎಂಜಿನಿಯರಿಂಗ್ ಓದುತ್ತ ಉಪ್ಪಾರಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ ಹುಡುಗ. ಮೂರು ದಿನದಿಂದ ಟೇಪ್ ರೆಕಾರ್ಡರ್ ಹಿಡಿದು ಬೆಟ್ಟಯ್ಯನ ಹಿಂದೆ ಬಿದ್ದಿದ್ದ.

"ಬೆಟ್ಟಣ್ಣ, ನೀವ್ ಮಾಡ್ತಿರೋದು ರ್‍ಯಾಪ್. ಅಮೆರಿಕಾದಲ್ಲಿ ಇದಕ್ಕೆ ಜನ ಬೀಳ್ತಾರೆ ಗೊತ್ತಾ?"

"ಇಲ್ಲೂ ಬೀಳ್ತಾರೆ ಬುಡು. ಹತ್ತೋ ಅರ್ಜೆಂಟಲ್ಲಿ ಮೆಟ್ಲಿಂದ," ಅಂದ ಬೆಟ್ಟಯ್ಯ. ಸುತ್ತ ನಿಂತವರು ನಕ್ಕರು.

ಅಂಜನ್ ರೆಕಾರ್ಡರಿನ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. "ಇದನ್ನ ನಿಮಗೆ ಕಲಿಸಿದೋರು ಯಾರು?"

ಬೆಟ್ಟಯ್ಯನಿಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎದುರಿಗೆ ಹತ್ತು ಜನ ಅವನ ಬಾಯನ್ನೇ ನೋಡುತ್ತಿದ್ದರು. ಹುಟ್ಟಿದ ಮೇಲೆ ಹಾಗೆ ಯಾರೂ ನೋಡಿರಲಿಲ್ಲ.

"ಯಾರ್ ಕಲಿಸ್ತಾರಪ್ಪ? ನಂದೇಯ. ಬಾಯಿಗ್ ಬಂದಿದ್ದು ಕೂಗೋದು."

"ಈ ಹನುಮಕ್ಕ ಯಾರು?"

"ಯಾರೂ ಅಲ್ಲ ಬುಡು. ಹಂಗೇ ಒಂದ್ ಹೆಸ್ರು."

ಹನುಮಕ್ಕ ಹೊನ್ನಯ್ಯನ ಹೆಂಡತಿ. ಆ ಕೂಗು ಹೊನ್ನಯ್ಯನದು. ಹುತ್ರಿದುರ್ಗದ ಕಡೆಯಿಂದ ಬರಿಗೈಯಲ್ಲಿ ಬಂದ ಬೆಟ್ಟಯ್ಯನನ್ನು ಬಸ್ಸಿನ ಟಾಪಿನ ಮೇಲೆ ಬುಟ್ಟಿ ಏರಿಸುವ ಕೆಲಸಕ್ಕೆ ಹಚ್ಚಿದವನೂ ಹೊನ್ನಯ್ಯನೇ. ಒಂಬತ್ತು ವರ್ಷ ಬೆಟ್ಟಯ್ಯ ಟಾಪಿನ ಮೇಲೆ ನಿಂತು ಕೆಳಗಿನ ಕೂಗು ಕೇಳಿದ. ಹನುಮಕ್ಕ ಆಗ ನಿಟ್ಟೂರಿಗೆ ಹೂವು ಮಾರಲು ಹೋಗುತ್ತಿದ್ದಳು. ಒಂದು ಕಾಲು ಸ್ವಲ್ಪ ಎಳೆತ, ದಿನಾ ಎರಡು ನಿಮಿಷ ತಡ. ಹೆಂಡತಿಗೆ ಬಸ್ಸು ನಿಲ್ಲಿಸಿ ಅಂತ ಡ್ರೈವರನ್ನು ಕೇಳುವುದಕ್ಕೆ ಹೊನ್ನಯ್ಯನಿಗೆ ನಾಚಿಕೆ. ಅದಕ್ಕೆ ಕೂಗಿನ ಬಾಲಕ್ಕೆ ಅವಳನ್ನು ಕಟ್ಟಿಬಿಟ್ಟ. ಜನ ನಗುತ್ತಿದ್ದರು, ಬಸ್ಸು ನಿಲ್ಲುತ್ತಿತ್ತು, ಅವಳು ಬುಟ್ಟಿ ಹೊತ್ತು ಬೈಯುತ್ತ ಹತ್ತುತ್ತಿದ್ದಳು.

ತೊಂಬತ್ತಾರರಲ್ಲಿ ಹೊನ್ನಯ್ಯನ ಗಂಟಲಿಗೆ ಗಡ್ಡೆ ಬಂತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಆಸ್ಪತ್ರೆಯಿಂದ ಬಂದ ವಾರಕ್ಕೆ ಸ್ಟ್ಯಾಂಡಿಗೆ ಬಂದು, ಬೆಟ್ಟಯ್ಯನ ಕೈ ಹಿಡಿದು ಬಸ್ಸಿನ ತಗಡಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಬಡಿದು ತೋರಿಸಿದ್ದ. ಮಾತಿಲ್ಲದೆ ಕೊಟ್ಟ ಪಾಠ ಅದು. ಅದನ್ನು ಬೆಟ್ಟಯ್ಯ 'ನಂದೇಯ' ಅನ್ನುವ ಒಂದೇ ಮಾತಿನಲ್ಲಿ ನುಂಗಿ ನೀರು ಕುಡಿದಿದ್ದ.

ಮುಂದಿನ ತಿಂಗಳು ಅಂಜನ್ ಅವನನ್ನು ರೂಮಿಗೆ ಕರೆದುಕೊಂಡು ಹೋದ. ಗೋಡೆಯ ಮೇಲೆ ದೊಡ್ಡ ಹಾಳೆ ಅಂಟಿಸಿತ್ತು. ಅದರ ತುಂಬ ಹೆಸರುಗಳು, ಹೆಸರಿನಿಂದ ಹೆಸರಿಗೆ ಬಾಣಗಳು.

"ಇದು ಮೆಲ್ಲಿ ಮೆಲ್, ಅಮೆರಿಕಾದ ರ್‍ಯಾಪಲ್ಲಿ ಮೊದಮೊದಲಿನೋರಲ್ಲಿ ಒಬ್ಬರು. ಇದು ರಾಕಿಮ್. ಅಲ್ಲೀವರ್ಗೂ ಸಾಲಿನ ಕೊನೇಲಿ ಪ್ರಾಸ ಹಾಕೋರೇ ಜಾಸ್ತಿ. ಇವರು ಸಾಲಿನ ಹೊಟ್ಟೆ ಒಳಗೇ ಪ್ರಾಸ ತುಂಬಿದ್ರು, ಮೆತ್ತಗೆ, ಕಿರುಚದೆ. ಈಗಿನೋರೆಲ್ಲ ಅದೇ ದಾರಿ. ನನ್ನ ಫ್ರೆಂಡು ಮೆಲ್ಲಿ ಮೆಲ್ಲೇ ದೊಡ್ಡೋರು ಅಂತಾನೆ, ನಾನು ರಾಕಿಮ್ ಅಂತೀನಿ. ದಿನಾ ಜಗಳ."

"ನೀವ್ಯಾಕ್ ಜಗಳ ಆಡ್ತೀರಾ? ಅವ್ರೇನಂತಾರೆ?"

"ಅವರು ತಮಗಿಂತ ಮುಂಚಿನೋರ ಹೆಸರು ಹೇಳ್ತಾರೆ. ಅದನ್ನ ಬಚ್ಚಿಟ್ಟೋನಿಗೆ ಅಲ್ಲಿ ಮರ್ಯಾದೆ ಇಲ್ಲ ಬೆಟ್ಟಣ್ಣ. ಬೇರೆಯೋರ ಸಾಲು ಕದ್ದ ಅಂದ್ರೆ ಮುಗೀತು ಅವನ ಕಥೆ."

ಹಾಳೆಯ ಒಂದು ಮೂಲೆಯಲ್ಲಿ ಕನ್ನಡದಲ್ಲಿ ಬರೆದ ಒಂದೇ ಒಂದು ಹೆಸರಿತ್ತು. ಬೆಟ್ಟಯ್ಯ ಕೂಡಿಸಿಕೊಂಡು ಓದಿದ. ಅವನದೇ. ಅದಕ್ಕೆ ಎಲ್ಲಿಂದಲೂ ಬಾಣ ಬಂದಿರಲಿಲ್ಲ.

"ಎಲ್ಲರಿಗೂ ಗುರು ಇದಾರೆ. ನಿಮಗೊಬ್ಬರಿಗೇ ಇಲ್ಲ," ಎಂದು ಅಂಜನ್ ಹೆಮ್ಮೆಯಿಂದ ನಕ್ಕ. ಬೆಟ್ಟಯ್ಯನೂ ನಕ್ಕ. ಟೀ ಬಂತು. ಲೋಟ ಬಾಯಿಗಿಟ್ಟುಕೊಂಡು ಗೋಡೆಗೆ ಬೆನ್ನು ಮಾಡಿ ಕೂತ.

ಕ್ಯಾಸೆಟ್ಟು ಹೊರಬಂತು. ಅಂಜನ್ ಕಂಪ್ಯೂಟರಿನಲ್ಲಿ ಡ್ರಮ್ಮು ಸೇರಿಸಿ, ತನ್ನ ಕನ್ನಡದ ಸಾಲುಗಳ ನಡುವೆ ಬೆಟ್ಟಯ್ಯನ ಕೂಗು ಇಟ್ಟಿದ್ದ. ಇನ್ನೂರು ಕಾಪಿ ಕಾಲೇಜುಗಳಿಗೆ, ಕುಣಿಗಲ್ಲು, ಗುಬ್ಬಿಯ ಅಂಗಡಿಗಳಿಗೆ ಹೋದವು. ಕಂಡಕ್ಟರ್ ನಾಗೇಶ್ ಒಂದನ್ನು ತಂದು ಬಸ್ಸಿನಲ್ಲೇ ಹಾಕಿದ. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದವನು, ಹೊನ್ನಯ್ಯ ಯಾರೋ ಅವನಿಗೆ ಗೊತ್ತಿಲ್ಲ.

"ಏನ್ ಬೆಟ್ಟಣ್ಣ, ಇನ್ಮೇಲೆ ನಿನ್ ಕರ್ಯಕ್ಕೆ ಕಾರ್ ಕಳಿಸ್ಬೇಕಾ ಹೆಂಗೆ?"

"ಮೊದ್ಲು ನಿನ್ ಬಸ್ಸಿನ್ ಬಾಗ್ಲು ರಿಪೇರಿ ಮಾಡ್ಸ್ಲಾ," ಅಂದ ಬೆಟ್ಟಯ್ಯ, ಮುಖವೆಲ್ಲ ಬಾಯಿ ಮಾಡಿಕೊಂಡು.

ಶಿವರಾತ್ರಿಯಾಗಿ ನಾಲ್ಕು ದಿನಕ್ಕೆ, ಮಧ್ಯಾಹ್ನದ ಬಸ್ಸಿನಿಂದ ಹನುಮಕ್ಕ ಇಳಿದಳು. ನಿಟ್ಟೂರಿನಲ್ಲಿ ಮಗಳು ಗಂಗಲಕ್ಷ್ಮಮ್ಮನ ಮನೆಗೆ ಹೋಗಿದ್ದವಳು ವಾಪಸು ಬರುತ್ತಿದ್ದಳು. ಕಾಲೆಳೆದುಕೊಂಡು ನೇರ ಬೆಟ್ಟಯ್ಯನ ಮುಂದೆ ಬಂದು ನಿಂತಳು.

"ಬಸ್ಸಲ್ಲಿ ನಿನ್ ಟೇಪ್ ಕೇಳ್ದೆ ಕಣಪ್ಪ. ಚೆನ್ನಾಗ್ ಕೂಗಿದೀಯ."

"ಅತ್ಗೆ..."

"ಕೂಗಕ್ ಮುಂಚೆ ಮಾತೂ ಹಾಕವ್ರೆ. ಆ ಹುಡ್ಗ ಕೇಳ್ದ, ಹನುಮಕ್ಕ ಯಾರು ಅಂತ." ಅವಳು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. "ಪಕ್ದಲ್ ಕೂತಿದ್ ಹೆಂಗ್ಸು ನನ್ನೇ ಕೇಳಿದ್ಳು, ಯಾರಮ್ಮ ಅದು ಹನುಮಕ್ಕ ಅಂತ. ಯಾರೂ ಅಲ್ವಂತೆ ಕಣವ್ವ ಅಂದೆ."

ಬೆಟ್ಟಯ್ಯ ಬಾಯಿ ತೆರೆದ. ನಿಲ್ದಾಣದ ಈ ತುದಿಯಿಂದ ಆ ತುದಿಗೆ ಕೇಳಿಸುವ ಬಾಯಿ. ಅದನ್ನು ಅಂಗೈಯಿಂದ ಒರೆಸಿಕೊಂಡು ನೆಲ ನೋಡಿದ.

"ನಾಗೇಶನ್ ಹತ್ರ ಕ್ಯಾಸೆಟ್ಟು ಇಸ್ಕೊಂಡಿದೀನಿ. ನಿಮ್ಮಣ್ಣನ್ಗೆ ಕೇಳಿಸ್ತೀನಿ. ಮೊದ್ಲಿನ್ ಮಾತು ಓಡಿಸ್‌ಬುಟ್ಟು, ಕೂಗು ಮಾತ್ರ. ಎದ್ರುಕೋಬ್ಯಾಡ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯುವುದರಲ್ಲಿ ಹೆಸರುವಾಸಿ. ಬೈಯದೆ ಹೋದಳು.

ಎರಡು ದಿನ ಬಿಟ್ಟು ಮತ್ತೆ ಸಿಕ್ಕಾಗ ಬೆಟ್ಟಯ್ಯನೇ ಕೇಳಿದ. "ಹೊನ್ನಣ್ಣ ಏನಂದ್ರು?"

"ಬಾಯಿಲ್ದೋರು ಏನಂತಾರೆ? ಮೂರ್ ಸಲ ಹಾಕಿಸ್ಕೊಂಡ್ರು. ಮಂಚ ಬಡ್ಕೊಂಡು ಕೇಳಿದ್ರು. 'ಕಟ್ಟೆ ಮ್ಯಾಲೆ' ಅನ್ನೋ ಕಡೆ ಎರಡ್ ಏಟ್ ಬೀಳ್ಬೇಕಂತೆ, ನೀನ್ ಒಂದೇ ಹಾಕಿದೀಯಂತೆ." ಅವಳ ಮುಖದಲ್ಲಿ ನಗುವಿನಂಥದ್ದು ಬಂದು ಹೋಯಿತು. "ಯುಗಾದಿ ಆದ್ಮೇಲೆ ನಾವು ನಿಟ್ಟೂರಿಗೇ ಹೋಗ್ಬುಡ್ತೀವಿ. ಗಂಗಲಕ್ಷ್ಮಿ ಬುಡ್ತಾ ಇಲ್ಲ. ಹೂವಿನ್ ತೋಟ ಮಾಡವ್ಳೆ, ಕೈ ಸಾಲ್ದು ಅಂತಾಳೆ."

ಅವತ್ತು ಮಧ್ಯಾಹ್ನದ ಬಸ್ಸು ಬಿಟ್ಟವನೇ ಬೆಟ್ಟಯ್ಯ ಉಪ್ಪಾರಹಳ್ಳಿಗೆ ನಡೆದ. ಅಂಜನ್ ಬಾಗಿಲು ತೆಗೆದಾಗ ಚಪ್ಪಲಿಯನ್ನೂ ಬಿಡದೆ ಗೋಡೆಯ ಮುಂದೆ ನಿಂತ.

"ಇಲ್ಲೊಂದ್ ಬಾಣ ಹಾಕಪ್ಪ. ಮ್ಯಾಲೆ ಹೊನ್ನಯ್ಯ ಅಂತ ಬರಿ."

ಕೂಗು ಯಾರದು, ಹನುಮಕ್ಕ ಯಾರು ಅಂತ ಹೇಳಿದ. ಕೇಳುತ್ತ ಕೇಳುತ್ತ ಹುಡುಗನ ಮುಖ ಸಪ್ಪಗಾಯಿತು. ಆದರೂ ಪೆನ್ಸಿಲ್ ತೆಗೆದು ಬರೆದ, ಬಾಣವನ್ನೂ ಎಳೆದ. ಆಮೇಲೆ ಟೇಪ್ ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು, "ನಡೀರಿ, ಅವರನ್ನೇ ರೆಕಾರ್ಡ್ ಮಾಡೋಣ. ಇನ್ನೊಂದು ಕ್ಯಾಸೆಟ್ ತರೋಣ," ಅಂದ.

"ಅವ್ರಿಗೆ ದನಿ ಇಲ್ಲ ಕಣಪ್ಪ. ಹೋಗಿ ಎಂಟ್ ವರ್ಷ ಆಯ್ತು."

ಅಂಜನ್ ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

"ಕ್ಯಾಸೆಟ್ಟು ವಾಪಸ್ ತರ್ಸಕ್ ಆಗಲ್ವಾ?"

"ಇನ್ನೂರು ಜನದ ಮನೇಗ್ ಹೋಗ್ಲಾ? ಕೆಂಪು ದೀಪ ಉರೀವಾಗ ಒಂದ್ ಹೆಸರು ಹೇಳಿದ್ರೆ ಸಾಕಾಗಿತ್ತಲ್ಲ ಬೆಟ್ಟಣ್ಣ."

ಬೆಟ್ಟಯ್ಯ ತಲೆಯಾಡಿಸಿದ. ಹೊರಗೆ ಬರುವಾಗ ಒಮ್ಮೆ ತಿರುಗಿ ನೋಡಿದ. ಉಳಿದ ಬಾಣಗಳೆಲ್ಲ ಕಪ್ಪು ಶಾಯಿಯವು. ಪೆನ್ಸಿಲಿನದು ಬಾಗಿಲಿನಿಂದ ಕಾಣಿಸಲಿಲ್ಲ.

ಯುಗಾದಿ ಬಂತು, ಹೋಯಿತು. ಬುಧವಾರ ಬೆಳಿಗ್ಗೆ ಆಟೋದಿಂದ ಎರಡು ಟ್ರಂಕು, ಒಂದು ಚಾಪೆ, ಹಳೆಯ ಹೂಬುಟ್ಟಿ ಇಳಿದವು. ಬೆಟ್ಟಯ್ಯ ಯಾರನ್ನೂ ಮುಟ್ಟಗೊಡಲಿಲ್ಲ. ಐವತ್ತರ ವಯಸ್ಸಿನಲ್ಲಿ ಟ್ರಂಕು ಹೊತ್ತು ಏಣಿ ಹತ್ತಿ ತಾನೇ ಟಾಪಿನ ಮೇಲೆ ಕಟ್ಟಿದ. ಇಳಿದಾಗ ಹೊನ್ನಯ್ಯ ಕಿಟಕಿಯ ಪಕ್ಕ ಕೂತಿದ್ದ. ಕೊರಳಿಗೆ ಬಿಳಿ ವಸ್ತ್ರ ಸುತ್ತಿತ್ತು. ಬೆಟ್ಟಯ್ಯನನ್ನು ಕಂಡು ಮುಖ ಅರಳಿತು. ತೋರುಬೆರಳನ್ನು ಟೇಪಿನ ಚಕ್ರದ ಹಾಗೆ ಗುಂಡಗೆ ತಿರುಗಿಸಿದ. ಆಮೇಲೆ ಅದೇ ಬೆರಳನ್ನು ತನ್ನ ಎದೆಗೆ ಮುಟ್ಟಿಸಿ, ಹುಬ್ಬು ಏರಿಸಿದ. ಅದರಲ್ಲಿ ನನ್ನ ಹೆಸರು ಹೇಳಿದೆಯಾ?

ಹನುಮಕ್ಕ ಇನ್ನೂ ಬಸ್ಸು ಹತ್ತಿರಲಿಲ್ಲ, ಬಾಗಿಲ ಹತ್ತಿರ ನಿಂತಿದ್ದಳು. ಬೇಡ ಅನ್ನುವ ಹಾಗೆ ಕಣ್ಣಲ್ಲೇ ತಡೆದಳು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಕ್ಯಾಸೆಟ್ಟಿನ ಮೊದಲ ಮಾತನ್ನು ಅವಳು ಜನ್ಮದಲ್ಲಿ ಗಂಡನಿಗೆ ಕೇಳಿಸುತ್ತಿರಲಿಲ್ಲ.

"ಇಲ್ಲ ಹೊನ್ನಣ್ಣ," ಅಂದ ಬೆಟ್ಟಯ್ಯ. "ಕೇಳಿದ್ರು. ನಂದೇ ಅಂದೆ. ಅತ್ಗೇನೂ ಯಾರೂ ಅಲ್ಲ ಅಂದ್‌ಬುಟ್ಟೆ."

ಹೊನ್ನಯ್ಯನ ಬೆರಳು ಎದೆಯ ಮೇಲೆ ಹಾಗೇ ಉಳಿಯಿತು. ಅವನು ಮುಖ ತಿರುಗಿಸಿ ಎದುರು ಸೀಟಿನ ಬೆನ್ನನ್ನು ನೋಡುತ್ತ ಕೂತ. ನಾಗೇಶ್ ಸೀಟಿ ಊದಿದ. ಡ್ರೈವರ್ ಕಾದ. ಬೆಟ್ಟಯ್ಯ ತಗಡಿಗೆ ಕೈ ಹಚ್ಚಲಿಲ್ಲ. ನಾಗೇಶ್ ಇನ್ನೊಮ್ಮೆ ಊದಿದ.

ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ನರ ಎದ್ದ ಅಂಗೈ ತಗಡಿನ ಮೇಲೆ ಬಿತ್ತು. ಮತ್ತೆ ಬಿತ್ತು. ಮುಖ ಈ ಕಡೆ ತಿರುಗಲಿಲ್ಲ, ಕೈ ಮಾತ್ರ ನಿಲ್ಲಲಿಲ್ಲ.

ಬೆಟ್ಟಯ್ಯ ಕೂಗಿದ. ಗುಬ್ಬಿಯಿಂದ ಹಿಡಿದು ನಿಟ್ಟೂರಿನವರೆಗೆ ಕೂಗಿದ. 'ಕಟ್ಟೆ ಮ್ಯಾಲೆ' ಅನ್ನುವಲ್ಲಿ ಮೇಲಿನ ಕೈ ಎರಡು ಏಟು ಹಾಕಿತು. ಹನುಮಕ್ಕ ಬುಟ್ಟಿ ಹಿಡಿದು, ಎಳೆಯುವ ಕಾಲನ್ನು ಕೈಯಿಂದಲೇ ಎತ್ತಿ ಮೆಟ್ಟಿಲ ಮೇಲಿಟ್ಟಳು. ಅವಳು ಒಳಗೆ ಹೋಗಿ ಕೂರುವವರೆಗೂ ಕಾದು, ಬೆಟ್ಟಯ್ಯ ಹನುಮಕ್ಕನ ಹೆಸರಿನ ಕೊನೆಯ ಸಾಲನ್ನು ಕೂಗಲಿಲ್ಲ, ಹೇಳಿದ, ಎದುರಿಗಿದ್ದ ಒಬ್ಬರಿಗೆ ಹೇಳುವಷ್ಟು ಮೆತ್ತಗೆ.

ಬಸ್ಸು ಹೊರಟಿತು. ಕಿಟಕಿಯ ಕೆಳಗೆ, ದೂಳು ಕೂತ ತಗಡಿನ ಮೇಲೆ, ಐದು ಬೆರಳಿನ ಗುರುತು ಒಂದರ ಮೇಲೊಂದು ಬಿದ್ದು ಅಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು. ಗುಬ್ಬಿ ರಸ್ತೆಗೆ ತಿರುಗುವವರೆಗೂ ಅದು ಕಾಣಿಸಿತು. ಹೊನ್ನಯ್ಯ, ಹನುಮಕ್ಕ ತುಮಕೂರು ಬಿಟ್ಟದ್ದು ಯುಗಾದಿ ಕಳೆದ ಮೂರನೆಯ ದಿನ, ಬುಧವಾರ, ಮೊದಲ ಬಸ್ಸಿಗೆ.