ಸೊಸೆಯ ಮೇಲೆ ಕಟ್ಟಿದ ಪದ

ಹೊರಗೆ ಕೋಲೂರಿ ನಿಂತಿದ್ದ ಗಂಡಸರ ಗೋಳು ಎದ್ದಿದ್ದೇ ತಡ, ಗುಡಾರದೊಳಗೆ ಕೂತಿದ್ದ ಹೆಂಗಸರೆಲ್ಲ ಕಲೀಚಾಳ ಬಾಯಿ ನೋಡಿದರು. ಸಾವಿಗೆ ಯಾರೋ ಬಂದಿದ್ದಾರೆ, ಒಳಗಿನಿಂದ ಅಳುಹಾಡು ಏಳಬೇಕು. ನಾರಿನ್ ನದಿಯ ಈಚೆಗಿನ ಹಳ್ಳಿಗಳಲ್ಲಿ ಕಲೀಚಾಳ ಹಾಗೆ ಸತ್ತವರ ಮೇಲೆ ಪದ ಕಟ್ಟಿ ಅಳುವವರು ಇನ್ನೊಬ್ಬರಿರಲಿಲ್ಲ. ಮನೆಯವರಿಗೆ ಒಂದು ದಿನವೂ ನೆಮ್ಮದಿ ಕೊಡದ ಕುಡುಕನೊಬ್ಬ ಸತ್ತಾಗಲೂ ಅವಳು ಅವನ ಕುದುರೆ ಸವಾರಿಯನ್ನು ಹೊಗಳಿ ಹಾಡಿ, ಅವನ ಹೆಂಡತಿಯನ್ನೇ ಬಿಕ್ಕಿ ಬಿಕ್ಕಿ ಅಳಿಸಿದ್ದಳು. ಈಗ ಪರದೆಯ ಹಿಂದೆ ಮಲಗಿದ್ದವಳು ಅವಳ ಸ್ವಂತ ಸೊಸೆ ಉರ್ಕಿಯಾ.

"ಬೆಳ್ಳಿಯ ಕೊಡದಂಥವಳೇ..." ಎಂದು ಕಲೀಚಾ ಎತ್ತಿಕೊಂಡಳು. ಅದು ಯಾರ ಮೇಲಾದರೂ ಹಾಡಬಹುದಾದ ಸಾಲು. ಮುಂದಿನದು ಬಾಯಿಗೆ ಬರುವ ಮೊದಲೇ ಪಕ್ಕದಿಂದ ಒಂದು ಕೈ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು. ಮೊಮ್ಮಗಳು ಎಲ್ನುರಾ, ಉರ್ಕಿಯಾಳ ಒಬ್ಬಳೇ ಮಗಳು. ಪಟ್ಟಣದ ಹಾಸ್ಟೆಲಿನಿಂದ ನಿನ್ನೆ ಬಂದವಳು ಇಲ್ಲಿಯವರೆಗೆ ಯಾರೊಡನೆಯೂ ಮಾತಾಡಿರಲಿಲ್ಲ.

"ನೀನು ಹಾಡಬೇಡ ಅಜ್ಜಿ," ಎಂದಳು ತಲೆ ಎತ್ತದೆ. "ಅಮ್ಮನ ಮೇಲೆ ನೀನು ಪದ ಕಟ್ಟಿ ಆಗಿದೆ."

ಕಲೀಚಾಳ ಮಗಳು ಗುಲ್ಸಾರಾ ಆ ಮಾತು ಬೇರೆಯವರ ಕಿವಿಗೆ ಬೀಳಬಾರದೆಂದು ತಾನೇ ದೊಡ್ಡ ದನಿ ತೆಗೆದು ಅಳತೊಡಗಿದಳು. ಮಿಕ್ಕವರೂ ಸೇರಿಕೊಂಡರು. ಕಲೀಚಾ ಬಾಯಿ ಮುಚ್ಚಿ ಗುಡಾರದ ಜಾಲರಿ ಗೋಡೆಯನ್ನು ನೋಡುತ್ತ ಕೂತಳು.

* * *

ಘಾಟಿಯ ಆಚೆಯಿಂದ ಉರ್ಕಿಯಾ ಮದುವೆಯಾಗಿ ಬಂದ ಹೊಸತರಲ್ಲಿ ಅವಳ ನೋವನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಕಲೀಚಾಳೇ. ತಿಂಗಳಿಗೊಮ್ಮೆ ಹುಡುಗಿ ಕಿಬ್ಬೊಟ್ಟೆ ಹಿಡಿದುಕೊಂಡು ಮಡಚಿಹೋಗುವುದನ್ನು ನೋಡಿ, ಒಳಗೆ ಶೀತ ಹೊಕ್ಕಿದೆ ಎಂದು ಅವಳೇ ನಿರ್ಧರಿಸಿದಳು. ಕುರಿ ಕಡಿಸಿ, ಬಿಸಿಯಾರದ ಹಸಿ ಚರ್ಮವನ್ನು ಸೊಸೆಯ ಸೊಂಟಕ್ಕೆ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಬೆಳಗಾಗುವವರೆಗೆ ಪಕ್ಕದಲ್ಲೇ ಕೂತಿದ್ದಳು. ಕುರಿಯ ಬಾಲದ ಕೊಬ್ಬು ಕರಗಿಸಿ ಕುಡಿಸಿದಳು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು.

ಎಲ್ನುರಾ ಹುಟ್ಟಿದಳು. ಆಮೇಲೆ ಮತ್ತೆ ಬಸಿರಾಗಲಿಲ್ಲ. ನೋವು ಮಾತ್ರ ತಿಂಗಳ ಲೆಕ್ಕವನ್ನೂ ಬಿಟ್ಟು ಬೇಕಾದಾಗ ಬರಲು ಕಲಿಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಕರುಳಿನ ತುದಿಯಲ್ಲೇನೋ ಇದೆ ಎಂದು ಕೊಯ್ದು ತೆಗೆದರು. ಗಾಯ ಮಾಯಿತು, ನೋವು ಇದ್ದಲ್ಲೇ ಇತ್ತು. ಮುಲ್ಲಾ ಮಂತ್ರಿಸಿದ ನೀರು ಕೊಟ್ಟ. ಇನ್ನೊಂದು ಮಗು ಆದರೆ ಸರಿಹೋಗುತ್ತೆ ಎಂದು ಒಬ್ಬ ಡಾಕ್ಟರು ಹೇಳಿದಾಗ ಉರ್ಕಿಯಾ ಮನೆಗೆ ಬಂದು ಆ ಮಾತನ್ನು ಅತ್ತೆಗೆ ಹೇಳುವುದೋ ಬೇಡವೋ ಎಂದು ಅಂಗಳದಲ್ಲೇ ಬಹಳ ಹೊತ್ತು ನಿಂತಿದ್ದಳು.

ನೋವಿಗೆ ಯಾರೂ ಹೆಸರು ಕೊಡಲಿಲ್ಲ. ಹೆಸರಿಲ್ಲದ ಕಾಯಿಲೆಯನ್ನು ಎಷ್ಟು ವರ್ಷ ಅಂತ ನಂಬುವುದು? ಕಲೀಚಾಳಿಗೆ ಬೇಸರ ಬಂತು.

ಗುಲ್ಸಾರಾಳ ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ನೆಂಟರು. ಹಿಟ್ಟು ಅರ್ಧ ಕಲಸಿ ಇಟ್ಟು ಉರ್ಕಿಯಾ ಕಾಣೆಯಾಗಿದ್ದಳು. ಕೊಟ್ಟಿಗೆಯ ಹುಲ್ಲಿನ ಮೇಲೆ ಮುದುರಿ ಬಿದ್ದಿದ್ದವಳನ್ನು ಗುಲ್ಸಾರಾ ನೋಡಿ ಬಂದು ಹೇಳಿದಳು. ನೆಂಟರು, ನಿಮ್ಮ ಸೊಸೆ ಎಲ್ಲಿ ಎಂದು ಮತ್ತೆ ಮತ್ತೆ ಕೇಳಿದರು. ನಾಚಿಕೆಯಿಂದ ಮೈ ಉರಿಯುತ್ತಿದ್ದ ಕಲೀಚಾ, ನಗಿಸಿಬಿಟ್ಟರೆ ಆಯಿತು ಎಂದುಕೊಂಡು, ಚಹಾದ ನೀರು ಕುದಿಯುತ್ತಿದ್ದ ಸಮೋವರ್ ಪಕ್ಕ ಬಟ್ಟಲು ಹಿಡಿದು ಅಲ್ಲೇ ಪದ ಕಟ್ಟಿದಳು:

"ಸಮೋವರ್ ಕುದ್ದರೆ ನಮ್ಮ ಸೊಸೆಗೆ ಹೊಟ್ಟೆನೋವು ಬರತೈತೆ,
ಪಾತ್ರೆ ತೊಳೆದು ಇಟ್ಟರೆ ಸಾಕು ಬಂದ ದಾರಿ ಹಿಡಿತೈತೆ."

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲೀಚಾಳ ಪದಗಳಿಗೆ ಕಾಲಿದ್ದವು. ಆ ವಾರದೊಳಗೆ ಅದು ಅಂಗಡಿ ಮುಟ್ಟಿತು, ಹೊಳೆಯಾಚೆಯ ಹಳ್ಳಿ ಮುಟ್ಟಿತು. ಹುಲ್ಲುಗಾವಲಿನಲ್ಲಿ ಕುದುರೆ ಕಾಯುವವರು ಕೂಗಿ ಹಾಡಿದರು. ಒಮ್ಮೆ ಉರ್ಕಿಯಾ ಹಳ್ಳಿಯ ದವಾಖಾನೆಗೆ ಹೋಗಿ ಬೆಂಚಿನ ಮೇಲೆ ಕೂತರೆ, ನರ್ಸಮ್ಮ ದಾಮಿರಾ ಬಾಗಿಲಲ್ಲೇ, "ಏನಮ್ಮಾ, ಸಮೋವರ್ ಕುದೀತಾ?" ಎಂದು ಕೇಳಿದಳು. ಕೂತಿದ್ದವರೆಲ್ಲ ನಕ್ಕರು. ಉರ್ಕಿಯಾಳೂ ನಕ್ಕಳು. ದಾಮಿರಾ ಕೆಟ್ಟವಳಲ್ಲ, ನಗುತ್ತಲೇ ನೋವಿನ ಮಾತ್ರೆ ಕೊಟ್ಟು ಕಳಿಸಿದಳು. ಹೊಟ್ಟೆ ಮುಟ್ಟಿ ನೋಡಲಿಲ್ಲ.

ಅಂದಿನಿಂದ ಉರ್ಕಿಯಾ ಮನೆಯಲ್ಲಿ ನೋವಿನ ಮಾತೆತ್ತಲಿಲ್ಲ. ವಾಸಿಯಾಯಿತು ಎಂದು ಕಲೀಚಾ ತಿಳಿದಳು. ತನ್ನ ಪದವೇ ಮದ್ದಾಯಿತು ಎಂದು ಒಂದೆರಡು ಕಡೆ ಹೇಳಿಕೊಂಡಳು ಕೂಡ.

* * *

ಕಲೀಚಾ ಗುಡಾರದಿಂದ ಹೊರಗೆ ಬಂದಳು. ಅವಳ ಮಗ, ಉರ್ಕಿಯಾಳ ಗಂಡ ಬೆಕ್ತೂರ್ ಬಾಗಿಲ ಬಳಿ ಕೋಲಿನ ಮೇಲೆ ಭಾರ ಹಾಕಿ ನಿಂತಿದ್ದ. ಅಂಗಳದ ತುದಿಯಲ್ಲಿ ದೊಡ್ಡ ಕಡಾಯಿಯ ಕೆಳಗೆ ಬೆಂಕಿ ಹಾಕಿದ್ದರು.

ಮೂರು ದಿನದ ಹಿಂದೆ ಆಲೂಗಡ್ಡೆ ಕೀಳುವಾಗ ಉರ್ಕಿಯಾ ಸಾಲಿನ ಮಧ್ಯೆ ಮಂಡಿಯೂರಿದವಳು ಏಳಲಿಲ್ಲ. ಬೆಕ್ತೂರ್ ಅವಳನ್ನು ಕಾರಿನಲ್ಲಿ ಮಲಗಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಓಡಿಸಿದ. ಆಪರೇಷನ್ ಆಯಿತು, ಬೆಳಗಿನ ಹೊತ್ತಿಗೆ ಹೋದಳು. ಮಗ ಇಷ್ಟನ್ನೇ ಹೇಳಿದ್ದ. ಈಗ ತಾಯಿ ಪಕ್ಕದಲ್ಲಿ ನಿಂತಾಗ ಉಳಿದದ್ದನ್ನು ಹೇಳಿದ.

"ಅದಕ್ಕೊಂದು ಹೆಸರಿದೆಯಂತೆ ಅಮ್ಮ. ಉದ್ದ ಹೆಸರು. ಡಾಕ್ಟರ ಹತ್ರ ಎರಡು ಸಲ ಹೇಳಿಸಿಕೊಂಡೆ, ದಾರೀಲಿ ಮರೆತುಹೋಯ್ತು."

"ಏನಾಗಿತ್ತಂತೆ?"

"ಗರ್ಭಕೋಶದ ಒಳಗಿರಬೇಕಾದ ಪೊರೆ ಹೊರಗಡೆ ಬೆಳೆಯುತ್ತಂತೆ. ಒಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು, ಕರುಳು ಬಿಗಿದು ಒಡೆದಿತ್ತು ಅಂದ್ರು. ಬಹಳ ವರ್ಷದ್ದಂತೆ." ಬೆಕ್ತೂರ್ ಕೋಲನ್ನು ಮಣ್ಣಿಗೆ ಒತ್ತಿದ. "ಇಷ್ಟು ದಿನ ಇವರು ಹೇಗೆ ಓಡಾಡ್ಕೊಂಡಿದ್ದರು, ನೋವು ಅಂತ ಹೇಳ್ತಿರಲಿಲ್ವಾ ಅಂತ ಕೇಳಿದ್ರು."

"ನೀನೇನಂದೆ?"

"ಏನು ಅನ್ನಲಿ? ನನಗೆ ನಿನ್ನ ಪದ ನೆನಪಾಯ್ತು. ನಾನೂ ಹಾಡ್ತಿದ್ದೆನಲ್ಲ, ಅವಳ ಎದುರಿಗೇ."

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಕಲೀಚಾ ಏನಾದರೂ ಎದುರು ಹೇಳುತ್ತಿದ್ದಳೇನೋ.

* * *

ಉರ್ಕಿಯಾ ಸುಮ್ಮನಾಗಿದ್ದಳು, ಹುಡುಕುವುದನ್ನು ಬಿಟ್ಟಿರಲಿಲ್ಲ. ಇದು ಎಲ್ನುರಾಳಿಗೆ ಮಾತ್ರ ಗೊತ್ತಿತ್ತು. ಮಗಳಿಗೆ ಜಾಮ್ ಕೊಟ್ಟು ಬರುತ್ತೇನೆ ಎಂದು ಅಮ್ಮ ಹಾಸ್ಟೆಲಿದ್ದ ಬಿಷ್ಕೆಕ್ ಪಟ್ಟಣಕ್ಕೆ ಬಂದಾಗಲೆಲ್ಲ ತಾಯಿ ಮಗಳು ಒಬ್ಬೊಬ್ಬ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದರು. ಒಂದು ಕಡೆ ಸ್ಕ್ಯಾನ್ ಮಾಡಿ ಎಲ್ಲ ಚೆನ್ನಾಗಿದೆ ಎಂದರು. ಉರ್ಕಿಯಾ ಆ ಕಾಗದವನ್ನು ಕೈಯಲ್ಲಿ ಹಿಡಿದು, ಚೆನ್ನಾಗಿದೆ ಎಂದಿದ್ದಕ್ಕೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. ಇನ್ನೊಬ್ಬರು ನರದ ದೌರ್ಬಲ್ಯ, ಚಿಂತೆ ಕಡಿಮೆ ಮಾಡಿ ಎಂದರು.

ಈ ಬೇಸಿಗೆಯಲ್ಲಿ ವಯಸ್ಸಾದ ಲೇಡಿ ಡಾಕ್ಟರೊಬ್ಬರು ಸಿಕ್ಕಿದರು. ಅವರು ಪೆನ್ನು ಕೆಳಗಿಟ್ಟು ಕೊನೆಯವರೆಗೂ ಕೇಳಿದರು. ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಬೇಕು, ಗಂಡನನ್ನು ಕರೆದುಕೊಂಡು ಬೇಗ ಬನ್ನಿ ಎಂದರು. ಹೊರಗೆ ಬಂದ ಮೇಲೆ ಉರ್ಕಿಯಾ ಬಸ್ ನಿಲ್ದಾಣದಲ್ಲಿ ಮಗಳ ಕೈ ಹಿಡಿದುಕೊಂಡು, "ಅವರು ನಗಲಿಲ್ಲ ನೋಡು," ಎಂದಳು.

ಇವತ್ತೇ ಅಪ್ಪನಿಗೆ ಫೋನು ಮಾಡೋಣ ಎಂದು ಎಲ್ನುರಾ ಹಟ ಹಿಡಿದಳು. ಹುಲ್ಲು ಕೊಯ್ದು ಮುಗಿಯಲಿ, ಆಲೂಗಡ್ಡೆ ಒಳಗೆ ಬರಲಿ, ಆಮೇಲೆ ನಾನೇ ಹೇಳುತ್ತೇನೆ ಎಂದು ಉರ್ಕಿಯಾ ಅವಳ ಬಾಯಿ ಮುಚ್ಚಿಸಿದಳು. ಎಲ್ನುರಾ ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದಳು. ನಿನ್ನೆಯಿಂದ ಅವಳ ಬಾಯಿ ಕಟ್ಟಿದ್ದು ಅದೇ.

* * *

ಮಧ್ಯಾಹ್ನ ಘಾಟಿಯಾಚೆಯ ತವರಿನವರು ಬಂದರು. ಉರ್ಕಿಯಾಳ ತಾಯಿ ಅಸಿಪಾ ಒಳಗೆ ಬಂದು ಪರದೆಯ ಮುಂದೆ ಕುಸಿದು, ಒಬ್ಬೊಬ್ಬರನ್ನೇ ತಬ್ಬಿಕೊಂಡು ಅತ್ತು, ಕೊನೆಗೆ ಕಲೀಚಾಳ ಹೆಗಲ ಮೇಲೆ ಕೈಯಿಟ್ಟಳು. ಕಲೀಚಾಳ ದನಿ ಮಾತ್ರ ಕೇಳಿಸುತ್ತಿಲ್ಲ ಎಂಬುದನ್ನು ಆಕೆ ಗಮನಿಸಿದ್ದಳು. ಹೆಣದ ಮೇಲೆ ಅತ್ತೆ ಪದ ಹೇಳದೆ ಇರುವುದು ಸಣ್ಣ ಅವಮಾನವಲ್ಲ.

"ಕಲೀಚಾ ಅಕ್ಕ, ಊರಿನವರಿಗೆಲ್ಲ ಹಾಡಿದ್ದೀರಿ. ನನ್ನ ಮಗಳಿಗೆ ಒಂದು ಪದ ಇಲ್ಲವಾ ನಿಮ್ಮ ಹತ್ತಿರ?"

ಕಲೀಚಾ ಮೊಮ್ಮಗಳ ಕಡೆ ನೋಡಿದಳು. ಎಲ್ನುರಾ ಈಗ ತಲೆ ಎತ್ತಿದ್ದಳು. ಬೇಡ ಎನ್ನಲಿಲ್ಲ, ಹಾಡು ಎಂದೂ ಅನ್ನಲಿಲ್ಲ. ಕಲೀಚಾ ಗೋಡೆಗೆ ಮುಖ ಮಾಡಿ ಎತ್ತಿಕೊಂಡಳು. ರಾಗ ಬಂತು, ಹೊಗಳಿಕೆ ಬರಲಿಲ್ಲ. ಅವಳ ಹಾಡಿನಲ್ಲಿ ಇದ್ದದ್ದು ಬರೀ ನಡೆದ ಸಂಗತಿ. ನೋವು ಅಂದಳು ನನ್ನ ಸೊಸೆ, ನಿಜವಂದಳು. ನೆಪ ಅಂದೆ ನಾನು, ಸುಳ್ಳಂದೆ. ನಾನು ಕಟ್ಟಿದ ಪದ ಅವಳಿಗಿಂತ ಮುಂದಾಗಿ ದವಾಖಾನೆಗೆ ಹೋಗಿ ಬಾಗಿಲು ಹಾಕಿತು. ಬೆಳ್ಳಿಯ ಕೊಡವೂ ಇಲ್ಲ, ಚಿನ್ನದ ಕುದುರೆಯೂ ಇಲ್ಲ.

ಹೆಂಗಸರ ಅಳು ಒಂದೊಂದಾಗಿ ನಿಂತಿತು. ಮೂಲೆಯಲ್ಲಿ ದಾಮಿರಾ ತಲೆವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡಳು. ಅಸಿಪಾ ಕೊನೆಯವರೆಗೂ ಕೇಳಿದಳು. ಆಮೇಲೆ ಕಲೀಚಾಳ ಹೆಗಲ ಮೇಲಿದ್ದ ಕೈಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. ಇಬ್ಬರೇ ಮತ್ತೆ ಅಳತೊಡಗಿದರು.

ಮೀಯಿಸಿದ ಹೆಣವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕಂಬಳಿಯಲ್ಲಿಟ್ಟು ಗಂಡಸರು ಹೊರಗೆ ತಂದರು. ನಮಾಜು ಮುಗಿಸಿ ಇಮಾಮರು, ಈ ಹೆಂಗಸು ಎಂಥವಳಿದ್ದಳು ಎಂದು ನೆರೆದವರನ್ನು ಕೇಳಿದರು. ಒಳ್ಳೆಯವಳು, ಒಳ್ಳೆಯವಳು ಎಂದು ಜನವೆಲ್ಲ ಹೇಳಿತು. ಬೆಕ್ತೂರ್ ಬಗ್ಗಿ ಕಂಬಳಿಯ ಅಂಚು ಸರಿಮಾಡಿದ. ವಾಹನಗಳು ಗುಡ್ಡದ ಕಡೆಗೆ ಹೊರಟವು. ಹೆಂಗಸರು ಗೋರಿಯವರೆಗೆ ಹೋಗುವಂತಿಲ್ಲ. ಅಂಗಳದಲ್ಲೇ ನಿಂತು ಧೂಳು ನೋಡಿದರು.

ಕೊಟ್ಟಿಗೆಯಲ್ಲಿ ಹಸುಗಳು ಕೂಗುತ್ತಿದ್ದವು. ಬೆಳಗ್ಗೆ ಹಾಲು ಕರೆಯುವುದು ಯಾರಿಗೂ ನೆನಪಾಗಿರಲಿಲ್ಲ. ಗುಲ್ಸಾರಾ ನಾನು ಹೋಗುತ್ತೇನೆ ಎಂದರೂ ಕೇಳದೆ ಕಲೀಚಾ ಬಕೆಟ್ಟು ಹಿಡಿದು ನಡೆದಳು. ಮಂಡಿನೋವು ಶುರುವಾದಾಗಿನಿಂದ ಅವಳು ಆ ಕಡೆ ಕಾಲಿಟ್ಟಿರಲಿಲ್ಲ. ಎರಡು ಹೊತ್ತೂ ಅದು ಉರ್ಕಿಯಾಳ ಕೆಲಸ. ಗಿಡ್ಡ ಮಣೆಯ ಮೇಲೆ ಕೂತು ಹಸುವಿನ ಹೊಟ್ಟೆಗೆ ಹಣೆ ಕೊಟ್ಟರೆ, ಕೊಟ್ಟಿಗೆಯ ಅಡ್ಡಮರ ಸರಿಯಾಗಿ ಬಾಯಿಯ ಎತ್ತರಕ್ಕೆ ಬರುತ್ತಿತ್ತು.

ಮರ ಅಲ್ಲಲ್ಲಿ ಕಡಿದಂತಿತ್ತು. ಕರುವಿನ ಕೆಲಸ ಎಂದುಕೊಂಡು ಕಲೀಚಾ ಬೆರಳಾಡಿಸಿದಳು. ಕರುವಿನ ಹಲ್ಲು ಅಷ್ಟು ಸಣ್ಣದಿರುವುದಿಲ್ಲ. ಒಂದರ ಪಕ್ಕ ಒಂದು, ಒಂದರ ಮೇಲೊಂದು, ಕೂತವರ ಬಾಯಿ ಎಟುಕುವಷ್ಟು ಉದ್ದಕ್ಕೂ ಗುರುತುಗಳಿದ್ದವು. ಹಳೆಯವು ಕಪ್ಪಾಗಿ ನಯವಾಗಿದ್ದವು. ಮಣೆಗೆ ತೀರಾ ಹತ್ತಿರದಲ್ಲಿ ಎರಡು ಸಾಲು ಹಲ್ಲಿನ ಗುರುತು ಆಳಕ್ಕೆ ಇಳಿದಿದ್ದವು, ಅಲ್ಲಿ ಒಳಗಿನ ಮರ ಇನ್ನೂ ಬೆಳ್ಳಗಿತ್ತು.