ಟ್ರಯಲ್ ನೋಡದ ಬಟ್ಟೆ

ಕತ್ತರಿಸುವ ಮೇಜಿನ ಮೇಲೆ ಹರಡಿದ್ದ ಬಟ್ಟೆಯ ತುಂಡುಗಳನ್ನೆಲ್ಲ ತಂಗಿ ಎರಡೂ ಕೈಯಲ್ಲಿ ಬಾಚಿ ಮೂಲೆಗೆ ತಳ್ಳಿದಳು. ಅಕ್ಕನನ್ನು ಮಣ್ಣು ಮಾಡಿ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ, ಆಗಲೇ ಊಟಕ್ಕೆ ಜಾಗ ಮಾಡಬೇಕಿತ್ತು. ದರ್ಜಿ ಅಂಗಡಿ ಅಂದರೆ ಎಷ್ಟು ದೊಡ್ಡದಿದ್ದೀತು? ಮೂವತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದರೆ ಮೆಟ್ಟಿಲ ತನಕ ಜನ.

"ಸೂಜಿಯಕ್ಕ ಇದ್ದಿದ್ರೆ ಇಷ್ಟು ಹೊತ್ತಿಗೆ ಎಲ್ಲರ ಅಳತೆ ತಗೊಂಡುಬಿಡ್ತಿದ್ರು," ಎಂದ ಎದುರು ಅಂಗಡಿಯ ಗಡಿಯಾರದವನು. ಅಳುತ್ತಿದ್ದವರೂ ನಕ್ಕರು.

ಅಕ್ಕನಿಗೆ ಆ ಹೆಸರು ಹೊಲಿಗೆಯಿಂದ ಬಂತೆಂದು ಹೊಸಬರು ತಿಳಿಯುತ್ತಿದ್ದರು. "ಬಟ್ಟೆಗೊಂದು ಸೂಜಿ, ಹೊಟ್ಟೆಗೊಂದು ಸೂಜಿ" ಎಂದು ಅವಳೇ ತಿದ್ದುತ್ತಿದ್ದಳು. ಹತ್ತೊಂಬತ್ತಕ್ಕೆ ಸಕ್ಕರೆ ಕಾಯಿಲೆ ಹಿಡಿದಾಗ, ನಲವತ್ತು ದಾಟಿದರೆ ಪುಣ್ಯ ಅಂದಿದ್ದರಂತೆ ಡಾಕ್ಟರು. ಪುಣ್ಯಾತ್ಗಿತ್ತಿ ಎಪ್ಪತ್ತು ಮುಟ್ಟಿ, ಆ ಡಾಕ್ಟರನ್ನೂ ಕಳಿಸಿಕೊಟ್ಟು, ನಿನ್ನೆ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದಳು.

ತಂಗಿಗೆ ಮಾತ್ರ ನಗು ಬರಲಿಲ್ಲ. ಅವಳಿಗೆ ನಲವತ್ತಕ್ಕೆ ಹುಟ್ಟಿದ ಒಬ್ಬಳೇ ಮಗಳು. ಹದಿನಾರರ ಆ ಹುಡುಗಿಗೂ ಅದೇ ಕಾಯಿಲೆ ಬಂದು ಮೂರು ತಿಂಗಳಾಗಿತ್ತು. ದಿನಕ್ಕೆ ನಾಲ್ಕು ಸಲ ಬಚ್ಚಲಮನೆಗೆ ಹೋಗಿ, ಚಿಲಕ ಹಾಕಿಕೊಂಡು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಹೊರಬಂದಾಗ ಕಣ್ಣು ಕೆಂಪಗಿರುತ್ತಿತ್ತು. ಹೆತ್ತ ಕರುಳು ಎಷ್ಟು ದಿನ ತಡೆದೀತು? ತಂಗಿಯ ಚೀಲದಲ್ಲಿ ಈಗ ಭಾವ ಕೊಟ್ಟ ಕಪ್ಪು ಸೀಸೆಯಿತ್ತು. ನಾಳೆ ಬೆಳಗಿನಿಂದ ಹನಿ ಶುರು, ಸೂಜಿ ಬಂದ್.

ಗಂಡನ ಅಣ್ಣನಾದ ಈ ಭಾವನಿಗೆ ಮನೆಯವರೆಲ್ಲ ರಾಮಬಾಣ ಎಂದು ಹೆಸರಿಟ್ಟಿದ್ದರು. ಮೊಣಕಾಲು ನೋವಿನಿಂದ ಹಿಡಿದು ಬೋಳುತಲೆಯ ತನಕ ಎಲ್ಲಕ್ಕೂ ಅವನ ಬಳಿ ಒಂದೊಂದು ಸೀಸೆ. ಅವನ ತಲೆ ಮಾತ್ರ ಬೋಳಾಗಿಯೇ ಇತ್ತು.

"ನೋಡಮ್ಮ," ಅವನು ಪಕ್ಕಕ್ಕೆ ಬಂದು ಪಿಸುಗುಟ್ಟಿದ, "ನಿಮ್ಮಕ್ಕ ಜೀವಮಾನವೆಲ್ಲ ಚುಚ್ಕೊಂಡ್ರು. ಏನಾಯ್ತು? ಕೊನೆಗೂ ಹೋದ್ರು. ನನ್ನ ಮಾತು ಕೇಳಿದ್ರೆ..."

"ಕೇಳಿದ್ರೆ ಸಾಯ್ತಾನೇ ಇರ್ಲಿಲ್ವಾ ಭಾವ?"

ಬಾಯಿಂದ ಅದು ಹೇಗೆ ಬಂತೋ ತಂಗಿಗೇ ತಿಳಿಯಲಿಲ್ಲ. ಅದು ಅಕ್ಕನ ಧಾಟಿ.

* * *

ಆಗ ಅಕ್ಕನಿಗೆ ಇಪ್ಪತ್ತೆರಡು, ತಂಗಿಗೆ ಎಂಟು. ಪುಡಿ ಮಾರುವವನೊಬ್ಬ ಬಂದು, ಇದೊಂದಿದ್ದರೆ ಸೂಜಿ ಬಿಸಾಕಬಹುದು ಅಂದ. ಅಕ್ಕ ಅಂದೇ ಬಿಸಾಕಿದಳು. ಮೂರನೆಯ ದಿನ ವಾಂತಿ, ಏದುಸಿರು, ಎಷ್ಟು ಕುಡಿದರೂ ತೀರದ ಬಾಯಾರಿಕೆ. ಆಸ್ಪತ್ರೆಯಲ್ಲಿ ಎರಡು ದಿನ ಅವಳಿಗೆ ತಂಗಿಯ ಗುರುತೇ ಹತ್ತಲಿಲ್ಲ.

"ನನ್ನಂಥ ಪೆದ್ದಿ ಇಲ್ಲ ಕಣೇ," ಎಚ್ಚರವಾದ ಮೇಲೆ ಅಂದಿದ್ದಳು. "ಒಂದು ಅಂಗಿನೂ ಟ್ರಯಲ್ ನೋಡ್ದೆ ಕೊಡೋಳಲ್ಲ ನಾನು. ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ನೋಡ್ತೀನಿ. ನನ್ನ ಮೈಗೆ ಮಾತ್ರ ಯಾವನೋ ಹೊಲಿದಿದ್ದನ್ನ ಹಾಗೇ ಹಾಕ್ಕೊಂಬಿಟ್ಟೆ."

ಅಂದಿನಿಂದ ಯಾರು ಏನು ಹಿಡಿದು ಬಂದರೂ ಅವಳದು ಒಂದೇ ವರಸೆ: "ಟ್ರಯಲ್ ನೋಡಿದ್ದೀರಾ? ಎಷ್ಟು ಜನರ ಮೇಲೆ? ಹೊಂದದೇ ಇದ್ದೋರು ಈಗ ಎಲ್ಲಿದ್ದಾರೆ?" ಹೊಸ ಔಷಧಿಗೆ ಅವಳೇನು ವೈರಿಯಲ್ಲ. ಡಾಕ್ಟರು ಹೊಸ ಇನ್ಸುಲಿನ್ ಬರೆದಾಗಲೂ ಇದನ್ನೇ ಕೇಳಿದ್ದಳು. ಅವರು ಸಮಾಧಾನವಾಗಿ ಕೂತು ಉತ್ತರ ಹೇಳಿದರು, ಇವಳು ತೆಗೆದುಕೊಂಡಳು.

* * *

ತಂಗಿ ಸೀಸೆ ಹೊರತೆಗೆದಳು. "ಭಾವ, ಇದರ ಟ್ರಯಲ್ ನೋಡಿದ್ದೀರಾ?"

"ಟ್ರಯಲ್ಲಾ? ಇದೇನು ಪ್ಯಾಂಟಾ?"

"ಪ್ಯಾಂಟಾಗಿದ್ರೆ ಬಿಚ್ಚಿ ಹೊಲೀಬಹುದಿತ್ತು. ಇದು ನನ್ನ ಮಗಳು. ಸೂಜಿ ಬಿಟ್ಟು ಇದನ್ನ ಕುಡಿದು ಬದುಕಿರೋರು ಒಬ್ಬರನ್ನ ತೋರಿಸಿ."

"ನಂಬಿಕೆ ಬೇಕಮ್ಮ..."

"ನಮ್ಮಕ್ಕನೂ ನಂಬಿದ್ಲು. ಮೂರೇ ದಿನ ತಡೀತು."

ಸೀಸೆಯನ್ನು ಅವನ ಜೇಬಿಗೇ ತುರುಕಿದಳು. ರಾಮಬಾಣ ಊಟಕ್ಕೂ ನಿಲ್ಲದೆ ಕಾಲಿಗೆ ಬುದ್ಧಿ ಹೇಳಿದ. ತಂಗಿಗೆ ಎದೆ ಹಗುರಾಯಿತು, ಹಿಂದೆಯೇ ಅಳುವೂ ಬಂತು. ಸೂಜಿ ಉಳಿಯಿತು, ಸರಿ. ಆದರೆ ಆ ಚಿಲಕ, ಆ ಕೆಂಪು ಕಣ್ಣು?

ಊಟಕ್ಕೆ ಕರೆದಾಗ ಮಗಳು ಕಾಣಲಿಲ್ಲ. ಹುಡುಕಿಕೊಂಡು ಹಿಂದಿನ ಕೋಣೆಗೆ ಹೋದರೆ, ಟ್ರಯಲ್ ನೋಡುವ ಪರದೆಯ ಮುಂದೆ ಹತ್ತು ಹನ್ನೆರಡು ಜನರ ಸಾಲು. ಬಸ್ ಡ್ರೈವರ್, ಶಾಲೆಯ ಮೇಡಂ, ಗಡಿಯಾರದವನು. ಕೊನೆಯಲ್ಲಿ ಮಗಳು.

"ಬಚ್ಚಲಮನೆ ಆ ಕಡೆ ಇದೆ ನೋಡಿ," ಎಂದಳು ತಂಗಿ.

ಸಾಲಿಗೆ ಸಾಲೇ ನಕ್ಕಿತು. ಡ್ರೈವರ್ ಜೇಬಿನಿಂದ ಇನ್ಸುಲಿನ್ ಪೆನ್ ತೆಗೆದು ತೋರಿಸಿದ. "ಊಟಕ್ಕೆ ಮುಂಚೆ ಹಾಕ್ಕೋಬೇಕಲ್ಲಮ್ಮ. ಇಲ್ಲೇ ಕಲಿಸಿದ್ರು ಸೂಜಿಯಕ್ಕ. ಹದಿನೆಂಟು ವರ್ಷ ಆಯ್ತು."

"ನನಗೆ ಇಪ್ಪತ್ತಾರು," ಎಂದರು ಮೇಡಂ.

"ನನಗೆ ಮೂವತ್ತೊಂದು," ಎಂದ ಗಡಿಯಾರದವನು. "ಮೊದಲ್ನೇ ಸಲ ಸೂಜಿ ನೋಡೇ ಬಿದ್ದಿದ್ದೆ."

"ನಿಂಗೆಷ್ಟು ಪುಟ್ಟಿ?" ಮೇಡಂ ಹುಡುಗಿಯತ್ತ ತಿರುಗಿದರು.

"ಮೂರು ತಿಂಗಳು."

"ಅಯ್ಯೋ, ಕೂಸು! ಮುಂದೆ ಬಾ, ಮುಂದೆ ಬಾ."

ಸಾಲು ಪಕ್ಕಕ್ಕೆ ಸರಿಯಿತು. ಮಗಳು ಪರದೆಯ ತನಕ ಬಂದು ನಿಂತಳು. ಒಳಗೆ ಹೋಗಲಿಲ್ಲ. ಅಲ್ಲೇ ಎಲ್ಲರ ಎದುರು ಅಂಗಿಯ ತೋಳು ಮಡಿಸಿ, ಪೆನ್ ಒತ್ತಿದಳು.

"ತಕ್ಷಣ ತೆಗೀಬೇಡ," ಎಂದ ಡ್ರೈವರ್. "ಹತ್ತು ಎಣಿಸು."

"ಒಂದು," ಎಂದಳು ಹುಡುಗಿ. "ಎರಡು," ಎಂದರು ಮೇಡಂ ಜೊತೆಗೂಡಿ. ಮೂರಕ್ಕೆ ಇಡೀ ಸಾಲು ಸೇರಿತು, ಐದಕ್ಕೆ ತಂಗಿ. ಹತ್ತು ಎಂದದ್ದು ಬೀದಿಯ ಆಚೆ ಬದಿಗೂ ಕೇಳಿಸಿತು.