ಎರಡನೇ ಬ್ರೇಕು

ವಿಚಾರಣೆ ಹತ್ತೂವರೆಗೆ ಎಂದಿದ್ದರು. ಹನ್ನೊಂದೂಕಾಲಾದರೂ ತನಿಖಾಧಿಕಾರಿಯ ಸುಳಿವಿರಲಿಲ್ಲ. ಬಸ್ ಡಿಪೋದ ಮಹಡಿಯ ಕೋಣೆಯಲ್ಲಿ ತಂಗಿ ತನ್ನ ಯಂತ್ರವನ್ನು ಮೇಜಿಗೆ ಬಿಗಿದು, ನಾಲ್ಕೂ ಬೋಲ್ಟುಗಳನ್ನು ಎರಡೆರಡು ಸಲ ಎಳೆದು ನೋಡಿ, ಹಲ್ಲು ಕಚ್ಚಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಅಣ್ಣ, ಇಪ್ಪತ್ತೆರಡು ವರ್ಷ ಒಂದು ಗೀರೂ ಬೀಳದಂತೆ ಬಸ್ಸು ಓಡಿಸಿದವನು, ಈಗ ಎರಡು ತಿಂಗಳಿಂದ ಅಮಾನತಿನಲ್ಲಿದ್ದವನು.

ಯಂತ್ರವೆಂದರೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವರ ಸ್ಟೀರಿಂಗು. ಅದರ ಹಿಂದೊಂದು ಮೋಟರು, ಕಾಲಬಳಿ ಬ್ರೇಕ್ ಪೆಡಲು. ಪರದೆಯ ಮೇಲೆ ಗಾಡಿ ಕಲ್ಲು ಹತ್ತಿದರೆ ಕೈ ಅದುರುತ್ತದೆ, ತಿರುವಿನಲ್ಲಿ ಜಾರಿದರೆ ಚಕ್ರವೇ ಕೈಯನ್ನು ಎಳೆಯುತ್ತದೆ. ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಅಂಥವನ್ನು ರಿಪೇರಿ ಮಾಡುವುದೇ ಹನ್ನೊಂದು ವರ್ಷಗಳಿಂದ ಅವಳ ಕಸುಬು. ಇದಕ್ಕೆ ಅಂಗಡಿಯಲ್ಲಿದ್ದವುಗಳಲ್ಲೆಲ್ಲ ದೊಡ್ಡ ಮೋಟರು ಹಾಕಿ, ಗುಜರಿಯಿಂದ ತಂದ ನಿಜವಾದ ಬಸ್ಸಿನ ಸ್ಟೀರಿಂಗ್ ಚಕ್ರ ಕೂರಿಸಿದ್ದಳು. ಅಜಾಗರೂಕತೆಯಿಂದ ಹಿಡಿದರೆ ಹೆಬ್ಬೆರಳು ಮುರಿಯುವಷ್ಟು ಬಲ ಅದಕ್ಕಿತ್ತು.

ಎರಡು ತಿಂಗಳ ಹಿಂದೆ ಅಣ್ಣ ಓಡಿಸುತ್ತಿದ್ದ ನಲವತ್ತೇಳನೇ ನಂಬರಿನ ಬಸ್ಸು ಸೇತುವೆಯ ತಡೆಗೋಡೆಗೆ ಗುದ್ದಿತ್ತು. ಹತ್ತೊಂಬತ್ತು ಜನರಿಗೆ ಪೆಟ್ಟಾಯಿತು. ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ನರ್ಸ್ ಒಬ್ಬಳ ಸೊಂಟದ ಮೂಳೆ ಮುರಿದು ಅವಳು ಇನ್ನೂ ಎದ್ದಿಲ್ಲ. ಬ್ರೇಕ್ ಒತ್ತಿದೊಡನೆ ಗಾಡಿ ಎಡಕ್ಕೆ ಎಳೆಯಿತು ಎಂಬುದು ಅಣ್ಣನ ಹೇಳಿಕೆ. 'ಚಾಲಕನ ನಿರ್ಲಕ್ಷ್ಯ' ಎಂದು ಕರಡು ವರದಿ. ಇವತ್ತು ಅದಕ್ಕೆ ಸಹಿ ಬಿದ್ದರೆ ಲೈಸೆನ್ಸ್ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ನರ್ಸಿನ ಸೊಂಟ ಮುರಿದವನು ಅವನೇ ಎಂದಾಗುತ್ತದೆ.

ಅಪಘಾತಕ್ಕೆ ಮೊದಲೇ ಮೂರು ಸಲ ಅಣ್ಣ ದೂರಿನ ಪುಸ್ತಕದಲ್ಲಿ ಬರೆದಿದ್ದ: 'ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುತ್ತದೆ.' ಮೂರೂ ಸಲ ವರ್ಕ್‌ಶಾಪಿನ ಫೋರ್‌ಮನ್ ಪಕ್ಕದಲ್ಲಿ ಸೀಲು ಒತ್ತಿದ್ದ: 'ಪರೀಕ್ಷಿಸಲಾಗಿದೆ. ದೋಷವಿಲ್ಲ.' ಡ್ರೈವರುಗಳು ಅವನನ್ನು ಕರೆಯುತ್ತಿದ್ದದ್ದೇ ಹಾಗೆ. "ದೋಷವಿಲ್ಲ ಊಟಕ್ಕೆ ಹೋಗಿದಾರೆ," ಎನ್ನುತ್ತಿದ್ದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದು ತಂಗಿ ಮೊದಲ ದಿನವೇ ಕೂಗಾಡಿದ್ದಳು. "ನೀನು ಬಾಯಲ್ಲಿ ಎಷ್ಟು ಹೇಳಿದ್ರೂ ಅವರಿಗೆ ಅರ್ಥ ಆಗಲ್ಲ ಅಣ್ಣ. ಕೈಗೇ ಹತ್ತಬೇಕು."

ಒಂಬತ್ತು ದಿನ ಅಣ್ಣ ಅವಳ ಅಂಗಡಿಯಲ್ಲಿ ಕಣ್ಣು ಮುಚ್ಚಿ ಚಕ್ರ ಹಿಡಿದು ಕುಳಿತ. ಅವಳು ಕಂಪ್ಯೂಟರಿನಲ್ಲಿ ಅಂಕಿಗಳನ್ನು ಬದಲಿಸುತ್ತ ಹೋದಳು.

"ಹೀಗಲ್ಲ ಕಣೇ. ಮೊದ್ಲು ಒಂಚೂರು ನಡುಗುತ್ತೆ, ಆಮೇಲೆ ಎಳೆಯುತ್ತೆ."

"ಇಷ್ಟು?"

"ಇನ್ನೂ. ಇದು ಕೈ ಕುಲುಕಿದ ಹಾಗಿದೆ. ಅದು ಕೈ ಕಿತ್ಕೊಳ್ತಿತ್ತು."

ಎಲ್ಲ ಮುಗಿಯಿತು ಎನ್ನುವಾಗ ಅವನು ಮತ್ತೊಂದು ಹೇಳಿದ. ಕಾಲೆತ್ತಿ ತಕ್ಷಣ ಎರಡನೇ ಸಲ ಒತ್ತಿದರೆ ಆ ಗಾಡಿ ಎಡಕ್ಕಲ್ಲ, ಬಲಕ್ಕೆ ಎಳೆಯುತ್ತಿತ್ತು, ಇನ್ನೂ ಜೋರಾಗಿ. ಸೇತುವೆಯ ಮೇಲೆ ಎರಡನೇ ಸಲ ಒತ್ತಲು ಜಾಗವೇ ಇರಲಿಲ್ಲ. ಹಾಗಾಗಿ ಹೇಳಿಕೆಯಲ್ಲಿ ಅದು ಬಂದಿರಲಿಲ್ಲ. ದೂರಿನ ಪುಸ್ತಕದಲ್ಲಿ ಒಂದು ದೂರಿಗೆ ಒಂದೇ ಸಾಲು, ಅಲ್ಲಿಯೂ ಬರೆದಿರಲಿಲ್ಲ.

"ಕೇಳದೇ ಇದ್ದದ್ದನ್ನ ಯಾಕೆ ಹಾಕೋದು?" ಎಂದಿದ್ದಳು.

"ಗಾಡಿ ಹೇಗಿತ್ತೋ ಹಾಗೆ ಮಾಡು. ಅರ್ಧ ಸತ್ಯ ಬೇಡ."

ಹಾಕಿದಳು.

ತನಿಖಾಧಿಕಾರಿ ಹನ್ನೊಂದೂವರೆಗೆ ಬಂದರು. ಜೊತೆಗೆ ಬರೆದುಕೊಳ್ಳಲು ಗುಮಾಸ್ತೆ. ಫೋರ್‌ಮನ್ ಅವರ ಹಿಂದೆಯೇ ಬಂದು ಕುರ್ಚಿ ಎಳೆದುಕೊಂಡು, ಮೇಜಿನ ಮೇಲಿದ್ದ ಚಕ್ರ ನೋಡಿ ನಕ್ಕ.

"ಇದೇನಮ್ಮ, ಮಕ್ಕಳ ಆಟದ ಸಾಮಾನು ತಂದಿದೀಯ?"

ತಂಗಿ ಏಳಹೋದಳು. ಅಣ್ಣ ಮೇಜಿನ ಕೆಳಗೆ ಅವಳ ಕಾಲು ತುಳಿದ.

ಮೊದಲು ಫೋರ್‌ಮನ್ನನ ಹೇಳಿಕೆ. "ಆ ಗಾಡಿ ನಾನೇ ಓಡಿಸಿ ನೋಡಿದೀನಿ ಸರ್, ಮೂರು ಸಲಾನೂ. ಎಡಕ್ಕೂ ಎಳೆಯಲ್ಲ, ಬಲಕ್ಕೂ ಎಳೆಯಲ್ಲ. ದಾರ ಹಿಡಿದ ಹಾಗೆ ನೆಟ್ಟಗೆ ನಿಲ್ಲುತ್ತೆ." ಗುಮಾಸ್ತೆ ಬರೆದಳು, ಅವನು ಸಹಿ ಹಾಕಿದ.

ಆಮೇಲೆ ಅಧಿಕಾರಿ ಒಲ್ಲದ ಮನಸ್ಸಿನಿಂದಲೇ ಯಂತ್ರದ ಮುಂದೆ ಕುಳಿತರು. ಪರದೆಯ ಮೇಲೆ ನೇರ ರಸ್ತೆ, ಐವತ್ತರ ವೇಗ. ಬ್ರೇಕ್ ಒತ್ತಿದರು. ಚಕ್ರ ನಡುಗಿ ಎಡಕ್ಕೆ ಕಿತ್ತುಕೊಂಡಿತು. ಅವರ ಕನ್ನಡಕ ಮೂಗಿನ ತುದಿಗೆ ಜಾರಿತು, ಪರದೆಯ ಬಸ್ಸು ಗೋಡೆಗೆ ಗುದ್ದಿ ನಿಂತಿತು.

"ಅಬ್ಬಾ," ಎಂದು ಅವರು ಮಣಿಕಟ್ಟು ಉಜ್ಜಿಕೊಂಡರು.

"ಕುಣಿಯಲಾರದವನು ನೆಲ ಡೊಂಕು ಅಂದನಂತೆ," ಎಂದ ಫೋರ್‌ಮನ್. ಅಧಿಕಾರಿ ತಿರುಗಿ ನೋಡಿದಾಗ, "ನಿಮಗಲ್ಲ ಸರ್, ಡ್ರೈವರಿಗೆ ಹೇಳಿದ್ದು. ಗಾಡಿ ಎಳೆದ್ರೆ ಹಿಡಿಯೋನು ಡ್ರೈವರು. ಇದೇ ಯಂತ್ರದಲ್ಲಿ ತೋರಿಸ್ತೀನಿ, ಬಿಡಿ," ಎಂದು ತೋಳು ಮಡಿಚಿದ.

ಕುಳಿತ. ವೇಗ ಐವತ್ತಕ್ಕೆ ಬಂತು. ಬ್ರೇಕ್ ಒತ್ತಿದ. ಚಕ್ರ ಎಡಕ್ಕೆ ಎಳೆಯಿತು, ಗಟ್ಟಿಯಾಗಿ ಹಿಡಿದ. ಕಾಲೆತ್ತಿದ. ಮತ್ತೆ ಒತ್ತುವ ಮೊದಲೇ ಅವನ ಎರಡೂ ಕೈ ಚಕ್ರವನ್ನು ಎಡಕ್ಕೆ ತುಸು ತಿರುಗಿಸಿ ಕಾದು ನಿಂತವು. ಒತ್ತಿದ. ಚಕ್ರ ಬಲಕ್ಕೆ ಕಿತ್ತುಕೊಂಡಿತು. ಕೈ ಅಲುಗಲಿಲ್ಲ. ಬಸ್ಸು ನಡುರಸ್ತೆಯಲ್ಲಿ ನೆಟ್ಟಗೆ ನಿಂತಿತು.

"ನೋಡಿದ್ರಾ ಸರ್?" ಎಂದು ಫೋರ್‌ಮನ್ ಕೈ ಕೊಡವಿಕೊಂಡ.

"ನಾನೂ ನೋಡಿದೆ," ಎಂದಳು ತಂಗಿ. "ಎರಡನೇ ಸಲ ಬಲಕ್ಕೆ ಎಳೆಯುತ್ತೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾರು ಹೇಳೋದೇನು? ಎಳೀತು, ಹಿಡಿದೆ."

"ಎಳೆಯೋಕೆ ಮೊದಲೇ ಹಿಡಿದ್ರಿ." ಅವಳು ಲ್ಯಾಪ್‌ಟಾಪನ್ನು ಅಧಿಕಾರಿಯ ಕಡೆ ತಿರುಗಿಸಿದಳು. ಚಕ್ರ ಎಷ್ಟು ತಿರುಗಿತು ಎಂಬುದನ್ನು ಯಂತ್ರ ಕ್ಷಣಕ್ಷಣಕ್ಕೂ ಗೆರೆಯಾಗಿ ದಾಖಲಿಸುತ್ತಿತ್ತು. "ಇಲ್ಲಿ ಎರಡನೇ ಬ್ರೇಕು. ಅದಕ್ಕೂ ಅರ್ಧ ಸೆಕೆಂಡ್ ಮುಂಚೆ, ಮೋಟರು ಸುಮ್ಮನಿರುವಾಗ, ಚಕ್ರ ಒಂಬತ್ತು ಡಿಗ್ರಿ ಎಡಕ್ಕೆ ಹೋಗಿದೆ. ಬಲಕ್ಕೆ ಎಳೆಯುತ್ತೆ ಅನ್ನೋದು ದೂರಿನ ಪುಸ್ತಕದಲ್ಲಿಲ್ಲ, ಹೇಳಿಕೆಯಲ್ಲಿಲ್ಲ. ಗೊತ್ತಿದ್ದದ್ದು ನನಗೆ, ನಮ್ಮಣ್ಣನಿಗೆ. ನಿಮ್ಮ ಕೈಗೆ ಹೇಗೆ ಗೊತ್ತಾಯ್ತು?"

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಗೆರೆಯನ್ನು ಬೆರಳಿಟ್ಟು ನೋಡಿದರು. "ಹೇಳಿ."

"ಅನುಭವ ಸರ್. ಈ ಮಾಡೆಲ್ ಗಾಡಿಗಳೇ ಹೀಗೆ."

"ಡಿಪೋದಲ್ಲಿ ಈ ಮಾಡೆಲ್ ಎಷ್ಟಿವೆ?"

"ಹದಿನೇಳು."

"ಹದಿನೇಳೂ ಬ್ರೇಕ್ ಹಾಕಿದ್ರೆ ಎಳೆಯುತ್ತವೆ ಅಂತ ಬರೆಸಲಾ?"

ಗುಮಾಸ್ತೆ ಪೆನ್ನು ಎತ್ತಿ ಕಾಯುತ್ತಿದ್ದಳು. "ಬೇಡ," ಎಂದ ಫೋರ್‌ಮನ್. "ಅದೊಂದೇ. ಬ್ರೇಕಿನ ಸಾಮಾನು ಬೇಕು ಅಂತ ಎರಡು ಸಲ ಮೇಲಕ್ಕೆ ಬರೆದೆ ಸರ್. ಬರಲಿಲ್ಲ. ಗಾಡಿ ನಿಲ್ಲಿಸಬೇಡ ಅಂದ್ರು. ನಾನೇನು ಮಾಡಲಿ? ನನಗೂ ಮೇಲಿನೋರಿದ್ದಾರೆ."

ಈ ಮಾತು ಕೇಳಿ ತನಗೆ ಸಮಾಧಾನವಾಗಬೇಕಿತ್ತು ಎಂದು ತಂಗಿಗೆ ಅನ್ನಿಸಿತು. ಆಗಲಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ದಡ್ಡ ಎಂದು ಬಿಡಬಹುದಿತ್ತು. ಅವನು ಮೂರು ಸಲ ಆ ಚಕ್ರ ಹಿಡಿದಿದ್ದ, ಅದರ ಗುಣ ಕೈಗೆ ಬಾಯಿಪಾಠವಾಗುವಷ್ಟು ಹಿಡಿದಿದ್ದ. ಇಳಿದು ಬಂದು ಸೀಲು ಒತ್ತಿದ್ದ.

ಅಣ್ಣ ಕೇಳಿದ, "ಗಾಡಿ ಈಗ ಎಲ್ಲಿದೆ?"

ಫೋರ್‌ಮನ್ ಗೋಡೆಯ ಗಡಿಯಾರ ನೋಡಿದ.

"ಮುಂಭಾಗ ಬಡಿದು ಸರಿಮಾಡಿಸಿದ್ವಿ. ಸೋಮವಾರದಿಂದ ಅದೇ ರೂಟಿನಲ್ಲಿದೆ."

"ಬ್ರೇಕು?"

"ಸಾಮಾನು ಬಂದಿಲ್ಲ ಅಂದೆನಲ್ಲ."

ಅಣ್ಣ ಎದ್ದ. ಅಧಿಕಾರಿ, "ಕೂತ್ಕೊಳ್ಳಿ, ನಿಮ್ಮ ಸಹಿ ಆಗಬೇಕು," ಎಂದರು. "ಬಂದು ಹಾಕ್ತೀನಿ," ಎಂದವನು ಆಗಲೇ ಮೆಟ್ಟಿಲ ಮೇಲಿದ್ದ. ತಂಗಿ ಲ್ಯಾಪ್‌ಟಾಪನ್ನು ಕಂಕುಳಿಗೇರಿಸಿಕೊಂಡು ಹಿಂದೆ ಓಡಿದಳು. ದಾಖಲೆಯನ್ನು ಆ ಕೋಣೆಯಲ್ಲಿ ಬಿಟ್ಟುಬರುವಷ್ಟು ನಂಬಿಕೆ ಅವಳಿಗೆ ಉಳಿದಿರಲಿಲ್ಲ.

"ಸೇತುವೆ ಹತ್ತಿರ ಹೋಗಿ ಕೈ ಅಡ್ಡ ಹಾಕೋಣ ಅಣ್ಣ."

"ಹುಚ್ಚೀ, ಕೈ ಅಡ್ಡ ಹಾಕಿದ್ರೆ ಬ್ರೇಕ್ ಹಾಕಿಬಿಡ್ತಾನೆ. ಸ್ಟ್ಯಾಂಡಿಗೆ ಬರಲಿ. ಅಲ್ಲಿ ನಿಧಾನಕ್ಕೆ ಬಂದು ನಿಲ್ಲುತ್ತೆ."

ಹನ್ನೆರಡೂ ಹತ್ತಕ್ಕೆ ಸ್ಟ್ಯಾಂಡಿಗೆ ಬರಬೇಕಿದ್ದ ಬಸ್ಸು ಹನ್ನೆರಡೂ ಇಪ್ಪತ್ತಕ್ಕೆ ಬಂತು. ಆ ಹತ್ತು ನಿಮಿಷ ಅಣ್ಣ ಕಣ್ಣು ಮಿಟುಕಿಸಲಿಲ್ಲ. ಬಸ್ಸು ಪೂರ್ತಿ ನಿಂತ ಮೇಲೆ ಡ್ರೈವರಿನ ಬಾಗಿಲು ತೆಗೆದು, ಕೈ ಚಾಚಿ, ಕೀ ಕಿತ್ತುಕೊಂಡ. ಹೊಸ ಡ್ರೈವರ್ ಬೈಯಲು ಬಾಯಿ ತೆರೆದವನು ಇವನ ಮುಖ ನೋಡಿ ಕೆಳಗಿಳಿದ. ಒಳಗಿನಿಂದ ಯಾರೋ, "ಹೊರಡ್ರೀ, ಹೊತ್ತಾಯ್ತು," ಎಂದರು.

"ಈ ಗಾಡಿ ಹೊರಡಲ್ಲ. ಇಳೀರಿ," ಎಂದಳು ತಂಗಿ.

"ನೀನ್ಯಾರಮ್ಮ ಹೇಳೋಕೆ?"

"ಯಾರಾದ್ರೂ ಆಗಿರ್ಲಿ. ಮೊದ್ಲು ಇಳೀರಿ."

ಗೊಣಗುತ್ತ ಇಳಿಯತೊಡಗಿದರು. ಕೊನೆಯವರು ಇಳಿಯುವ ಹೊತ್ತಿಗೆ ಫೋರ್‌ಮನ್ ಏದುಸಿರು ಬಿಡುತ್ತ ಬಂದ.

"ಕೀ ಕೊಡಪ್ಪಾ. ಗಲಾಟೆ ಬೇಡ. ನಾನೇ ನಿಧಾನಕ್ಕೆ ಡಿಪೋಗೆ ತಗೊಂಡು ಹೋಗ್ತೀನಿ. ಇದನ್ನ ಹಿಡಿಯೋದು ಹೇಗೆ ಅಂತ ನನಗೆ ಗೊತ್ತು."

"ಗೊತ್ತು ಅಂತ ನನಗೂ ಗೊತ್ತಾಯ್ತು," ಎಂದ ಅಣ್ಣ. ಕೀಯನ್ನು ಅಂಗಿಯ ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡು, ಬಸ್ಸಿನ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತ. "ಎಳ್ಕೊಂಡು ಹೋಗೋ ಗಾಡಿ ತರಿಸಿ. ಅಲ್ಲೀವರೆಗೂ ನಾನು ಏಳಲ್ಲ."